ಹಿಮ ಬಿದ್ದ ಮರುದಿನದ ಬಿಸಿಲು

2024ರ ಫೆಬ್ರವರಿ 22, ಗುರುವಾರ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಶುರುವಾಗಿ ಒಂದೇ ದಿನ ಆಗಿತ್ತು. ಈ ಕ್ರೀಡಾಕೂಟ ನಡೆಯಬೇಕಿದ್ದದ್ದು ಫೆಬ್ರವರಿ ಮೊದಲ ವಾರದಲ್ಲಿ. ಹಿಮವೇ ಇಲ್ಲ ಅಂತ ಮುಂದೂಡಿದ್ದರು. ಆಮೇಲೆ ಹಿಮ ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಕೆಳಗೆ ಆಟ, ಚಪ್ಪಾಳೆ, ಪದಕ. ಅದೇ ಮಧ್ಯಾಹ್ನ ಮೇಲೆ ಖಿಲನ್‌ಮಾರ್ಗ್ ಕಡೆಯ ಇಳಿಜಾರಿನಲ್ಲಿ ಹಿಮ ಕುಸಿಯಿತು. ರಷ್ಯಾದಿಂದ ಬಂದಿದ್ದ ಒಬ್ಬ ಸ್ಕೀಯರ್ ಸತ್ತ. ಜೊತೆಗಿದ್ದವರನ್ನು ಬದುಕಿಸಿ ಕೆಳಗಿಳಿಸಲಾಯಿತು.

ಅದಕ್ಕೆ ಒಂದು ವರ್ಷ ಹಿಂದೆ, 2023ರ ಫೆಬ್ರವರಿ 1. ಅದೇ ಬೆಟ್ಟ. ಅಫರ್ವತ್‌ನ ಹಾಪತ್‌ಖುಡ್ ಅನ್ನೋ ಜಾಗ. ಅವತ್ತು ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಸತ್ತರು. 19 ಜನ ವಿದೇಶಿಯರನ್ನು, ಇಬ್ಬರು ಸ್ಥಳೀಯ ಗೈಡ್‌ಗಳನ್ನು ಪಾರು ಮಾಡಿದರು.

ಇಂಥ ಸುದ್ದಿ ಬಂದ ತಕ್ಷಣ ಟಿವಿ ಸ್ಕ್ರೀನ್ ಮೇಲೆ ಯಾವ ಪದಗಳು ಬರ್ತವೆ ಅನ್ನೋದು ನಿಮಗೆ ಗೊತ್ತು. ಹಿಮರಕ್ಕಸ. ಪ್ರಕೃತಿಯ ಮುನಿಸು. ಬಿಳಿ ಸಾವು. ಕೇಳೋಕೆ ಚೆನ್ನಾಗಿದೆ. ಆದರೆ ಈ ಪದಗಳು ಒಂದು ಸುಳ್ಳನ್ನು ನಮ್ಮ ತಲೆಯಲ್ಲಿ ಕೂರಿಸ್ತವೆ. ಬೆಟ್ಟ ಎಲ್ಲೋ ಮೇಲಿತ್ತು, ಸ್ಕೀಯರ್ ಪಾಪ ಕೆಳಗಿದ್ದ, ಹಿಮ ಸುಮ್ಮನೆ ಬಂದು ಅವನ ಮೇಲೆ ಬಿತ್ತು ಅನ್ನೋ ಸುಳ್ಳು.

ವಾಸ್ತವ ಏನು ಗೊತ್ತಾ? ಮೋಜಿಗಾಗಿ ಬೆಟ್ಟಕ್ಕೆ ಹೋಗಿ ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಆ ಹಿಮವನ್ನು ಬೀಳಿಸಿದ್ದು ಸಿಕ್ಕಿಬಿದ್ದವರೇ, ಇಲ್ಲವೇ ಅವರ ಜೊತೆಗಿದ್ದವರೇ. ಯುರೋಪ್, ಅಮೆರಿಕದಲ್ಲಿ ದಶಕಗಳ ಕಾಲ ಒಂದೊಂದು ಅಪಘಾತವನ್ನೂ ಬರೆದಿಟ್ಟು ಕಂಡುಕೊಂಡ ವಿಷಯ ಇದು. ಅಂದ್ರೆ ಇದು ಸಿಡಿಲು ಬಡಿದ ಹಾಗಲ್ಲ. ಇಲ್ಲಿ ಒಂದು ನಿರ್ಧಾರ ಇದೆ. ಆ ನಿರ್ಧಾರ ತಪ್ಪಿದ್ದು ಎಲ್ಲಿ ಅನ್ನೋದು ಅರ್ಥ ಆಗಬೇಕು ಅಂದ್ರೆ ಹಿಮ ಅನ್ನೋದು ಏನು ಅಂತ ಮೊದಲು ನೋಡಬೇಕು.

ನಮ್ಮ ಭಾಷೆಯಲ್ಲೇ ಒಂದು ಗೊಂದಲ ಇದೆ. ಹಿಮಪಾತ ಅಂತ ನಾವು ಎರಡಕ್ಕೂ ಬರೀತೀವಿ. ಆಕಾಶದಿಂದ ಹಿಮ ಬಿದ್ದರೂ ಹಿಮಪಾತ, ಬೆಟ್ಟದಿಂದ ಹಿಮ ಜಾರಿದರೂ ಹಿಮಪಾತ. ಹಿಮ ಕಾಣದ ನಾಡಿನವರು ನಾವು, ಎರಡು ಪದ ಬೇಕಾಗಿರಲಿಲ್ಲ. ಆದರೆ ಇವೆರಡೂ ಬೇರೆ ಬೇರೆ. ಮೊದಲನೆಯದು ಹಿಮ ಸುರಿಯೋದು. ಎರಡನೆಯದು ಹಿಮಕುಸಿತ. ಮೊದಲನೆಯದು ಎರಡನೆಯದಕ್ಕೆ ಮದ್ದು ತುಂಬುತ್ತೆ. ಬತ್ತಿಗೆ ಬೆಂಕಿ ಇಡೋದು ಬಹಳ ಸಲ ಮನುಷ್ಯ.

ಹಿಮಕುಸಿತದಲ್ಲೂ ಎರಡು ಮುಖ್ಯ ಬಗೆ. ಒಂದು, ಪುಡಿ ಹಿಮ ಒಂದು ಬಿಂದುವಿನಿಂದ ಶುರುವಾಗಿ ಬೀಸಣಿಗೆ ಥರ ಹರಡಿಕೊಂಡು ಜಾರೋದು. ಮರಳು ರಾಶಿಯ ಮೇಲೆ ಕಾಲಿಟ್ಟರೆ ಮರಳು ಜಾರುತ್ತಲ್ಲ, ಹಾಗೆ. ಸಾಮಾನ್ಯವಾಗಿ ಇದರಿಂದ ಜೀವ ಹೋಗೋದು ಕಡಿಮೆ. ಎರಡನೆಯದು ಹಲಗೆ ಕುಸಿತ. ಇದೇ ಕೊಲ್ಲೋದು. ಇಲ್ಲಿ ಹಿಮ ಪುಡಿಪುಡಿಯಾಗಿ ಜಾರಲ್ಲ. ಇಡೀ ಇಳಿಜಾರಿನ ಮೇಲ್ಪದರ ಒಂದೇ ಹಲಗೆಯ ಹಾಗೆ ಬಿರುಕು ಬಿಟ್ಟು ಒಟ್ಟಿಗೆ ಜಾರುತ್ತೆ. ಸ್ಕೀಯರ್ ಇರೋದು ಆ ಹಲಗೆಯ ಮೇಲೆ. ಬಿರುಕು ಕಾಣಿಸಿಕೊಳ್ಳೋದು ಅವನಿಗಿಂತ ಮೇಲೆ. ಒಂದು ಜಮಖಾನದ ಮಧ್ಯ ನಿಂತಿದ್ದೀರಿ, ಯಾರೋ ಜಮಖಾನವನ್ನೇ ಎಳೆದರು ಅಂದುಕೊಳ್ಳಿ. ಓಡೋದು ಎಲ್ಲಿಗೆ? ಕೆಲವೇ ಸೆಕೆಂಡ್‌ಗಳಲ್ಲಿ ಆ ಹಿಮ ಗಂಟೆಗೆ 80, 100 ಕಿಲೋಮೀಟರ್ ವೇಗ ಮುಟ್ಟುತ್ತೆ.

ಎಷ್ಟು ತೂಕ ಇರುತ್ತೆ? ಒಂದು ಲೆಕ್ಕ ಹಾಕೋಣ. 50 ಮೀಟರ್ ಉದ್ದ, 50 ಮೀಟರ್ ಅಗಲ, ಅರ್ಧ ಮೀಟರ್ ದಪ್ಪ. ಬೆಟ್ಟದ ಲೆಕ್ಕದಲ್ಲಿ ಇದು ಸಣ್ಣದು. ಘನ ಅಳತೆ 1,250 ಘನ ಮೀಟರ್. ಒಂದು ಘನ ಮೀಟರ್ ಹಿಮ 200 ಕೆಜಿ ಅಂತ ಇಟ್ಟುಕೊಂಡರೂ ಒಟ್ಟು 250 ಟನ್. 10 ಟನ್ ಹೊರುವ 25 ಲಾರಿ ಲೋಡು. ಇಷ್ಟನ್ನು ಅಲ್ಲಾಡಿಸಿದ್ದು 80 ಕೆಜಿ ತೂಕದ ಒಬ್ಬ ಮನುಷ್ಯ! ಹೇಗೆ ಸಾಧ್ಯ?

ಸಾಧ್ಯ. ಯಾಕಂದ್ರೆ ಆ ಹಲಗೆ ನಿಂತಿದ್ದೇ ಗಟ್ಟಿಯಿಲ್ಲದ ಬುನಾದಿಯ ಮೇಲೆ.

ಹಿಮ ನೆಲದ ಮೇಲೆ ಒಂದೇ ಮುದ್ದೆಯಾಗಿ ಕೂತಿರಲ್ಲ. ಪದರ ಪದರವಾಗಿ ಇರುತ್ತೆ. ನವೆಂಬರ್‌ನಲ್ಲಿ ಬಿದ್ದದ್ದು ಒಂದು ಪದರ, ಡಿಸೆಂಬರ್‌ದು ಇನ್ನೊಂದು, ಗಾಳಿ ತಂದು ಹಾಕಿದ್ದು ಮತ್ತೊಂದು. ಇದರಲ್ಲಿ ಯಾವ ಪದರ ಯಾವುದಕ್ಕೆ ಅಂಟಿಕೊಂಡಿದೆ, ಯಾವುದು ಅಂಟಿಲ್ಲ ಅನ್ನೋದೇ ಪ್ರಶ್ನೆ.

ಇಡ್ಲಿ ಪಾತ್ರೆ ಮುಚ್ಚಳ ತೆಗೆದು ನೋಡಿದ್ದೀರಲ್ಲ? ಒಳಗೆ ಬಿಸಿ, ಮುಚ್ಚಳ ತಂಪು. ಆವಿ ಮೇಲೆ ಹೋಗಿ ಮುಚ್ಚಳದಲ್ಲಿ ಹನಿ ಕಟ್ಟುತ್ತೆ. ಹಿಮದ ಒಳಗೂ ಇದೇ ನಡೆಯುತ್ತೆ. ಹಿಮದ ಕೆಳಗಿನ ನೆಲ ಸುಮಾರು ಸೊನ್ನೆ ಡಿಗ್ರಿ ಇರುತ್ತೆ. ಮೇಲಿನ ಗಾಳಿ ಮೈನಸ್ 15, ಮೈನಸ್ 20. ಹಿಮ ಎರಡು ಮೀಟರ್ ದಪ್ಪ ಇದ್ದರೆ ಈ ವ್ಯತ್ಯಾಸ ನಿಧಾನವಾಗಿ ಹಂಚಿಹೋಗುತ್ತೆ. ಆದರೆ ಹಿಮ ಬರೀ ಒಂದೆರಡು ಅಡಿ ಇದ್ದರೆ? ಸ್ವಲ್ಪವೇ ದೂರದಲ್ಲಿ ಅಷ್ಟೊಂದು ವ್ಯತ್ಯಾಸ. ಪ್ರತಿ 10 ಸೆಂಟಿಮೀಟರ್‌ಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗಿನ ಆವಿ ಜೋರಾಗಿ ಮೇಲಕ್ಕೆ ಹರಿಯೋಕೆ ಶುರುವಾಗುತ್ತೆ. ಹೋಗ್ತಾ ಹೋಗ್ತಾ ಹಿಮದ ಹರಳುಗಳ ಆಕಾರವನ್ನೇ ಬದಲಿಸುತ್ತೆ. ಒಂದಕ್ಕೊಂದು ಕೈ ಹಿಡಿದುಕೊಂಡಿದ್ದ ಹರಳುಗಳು ಬಿಡಿಬಿಡಿಯಾಗಿ, ಮೂಲೆ ಮೂಲೆಯಾಗಿ, ದಪ್ಪ ಸಕ್ಕರೆ ಹರಳಿನ ಹಾಗೆ ಆಗ್ತವೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟಲ್ಲ, ಬೆರಳ ಸಂದಿಯಿಂದ ಸುರಿದುಹೋಗುತ್ತೆ. ಬೆಟ್ಟದವರು ಇದನ್ನು ಸಕ್ಕರೆ ಹಿಮ ಅಂತಲೇ ಕರೀತಾರೆ.

ಈಗ ಒಂದು ತಟ್ಟೆಯಲ್ಲಿ ಸಕ್ಕರೆ ಹರಡಿ. ಅದರ ಮೇಲೆ ಒಂದು ಕಡಪ ಕಲ್ಲಿನ ಚೂರು ಇಡಿ. ತಟ್ಟೆಯನ್ನು ಓರೆ ಮಾಡಿ. ಒಂದು ಹಂತದವರೆಗೆ ಕಲ್ಲು ನಿಂತಿರುತ್ತೆ. ಆಮೇಲೆ ಬೆರಳಿನಿಂದ ಒಮ್ಮೆ ಮುಟ್ಟಿದರೆ ಸಾಕು, ಹೋಯ್ತು. ಇಂಜಿನಿಯರಿಂಗ್ ಓದಿದವರಿಗೆ ಶಿಯರ್ ಫೇಲ್ಯೂರ್ ಅಂದ್ರೆ ಅರ್ಥ ಆಗುತ್ತೆ. ಹಲಗೆ ಗಟ್ಟಿ ಇದೆ, ಕೆಳಗಿನ ಹಾಸು ಗಟ್ಟಿ ಇದೆ, ಮಧ್ಯದ ಪದರ ಕತ್ತರಿಸಿಹೋಗುತ್ತೆ. ಒಂದು ಕಡೆ ಒಡೆದರೆ ಆ ಭಾರ ಪಕ್ಕದ ಹರಳುಗಳ ಮೇಲೆ ಬೀಳುತ್ತೆ, ಅವೂ ಒಡೀತವೆ, ಅದರ ಪಕ್ಕದವೂ ಒಡೀತವೆ. ಸ್ಕೀಯರ್ ಅಲ್ಲಾಡಿಸಿದ್ದು ಒಂದು ಮಂಚದಷ್ಟು ಜಾಗ. ಮಿಕ್ಕದ್ದನ್ನು ಹಿಮ ತಾನೇ ಮಾಡಿಕೊಳ್ಳುತ್ತೆ.

ಈಗ 2024ರ ಕಾಶ್ಮೀರದ ಚಳಿಗಾಲವನ್ನು ಇದರ ಪಕ್ಕ ಇಟ್ಟು ನೋಡಿ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲಾಯ್ ಕಲಾನ್. ಮೂಳೆ ಕೊರೆಯೋ ಚಳಿಯ ಕಾಲ. ಆ ವರ್ಷ ಈ 40 ದಿನದಲ್ಲಿ ಬಹುಪಾಲು ಒಣಗಿಯೇ ಹೋಯಿತು. ಗುಲ್ಮಾರ್ಗ್‌ನ ಬೋಳು ಹುಲ್ಲುಗಾವಲಿನ ಫೋಟೋಗಳನ್ನು ನೀವೂ ನೋಡಿರ್ತೀರಿ. ಜನವರಿ ಕೊನೆಯಲ್ಲಿ ಹಿಮ ಬಂತು. ಫೆಬ್ರವರಿ 18ರಿಂದ ಮೂರ್ನಾಲ್ಕು ದಿನ ಮತ್ತೆ ಜೋರಾಗಿ ಸುರಿಯಿತು. ಕೊರೆಯೋ ಚಳಿಯಲ್ಲಿ ತೆಳ್ಳಗಿನ ಹಿಮ, ಅದರ ಮೇಲೆ ಒಮ್ಮೆಲೇ ದೊಡ್ಡ ಭಾರ. ಹಿಮದ ಪಾಠಪುಸ್ತಕದಲ್ಲಿ ಅಪಾಯದ ಅಧ್ಯಾಯ ತೆಗೆದರೆ ಮೊದಲ ಪುಟದಲ್ಲಿ ಬರೆದಿರೋದೇ ಈ ಕ್ರಮ. ಹಿಮ ಕಡಿಮೆ ಬಿದ್ದ ವರ್ಷ ಅಪಾಯ ಕಡಿಮೆ ಅಂತ ನಾವು ಅಂದುಕೊಳ್ತೀವಿ. ಉಲ್ಟಾ.

ಭಾರ ಎಷ್ಟು ಅನ್ನೋದಕ್ಕಿಂತ ಎಷ್ಟು ಬೇಗ ಬಂತು ಅನ್ನೋದು ಮುಖ್ಯ. ಒಂದು ಮೀಟರ್ ಹಿಮ ಹದಿನೈದು ದಿನದಲ್ಲಿ ಬಿದ್ದರೆ ಕೆಳಗಿನ ಪದರಗಳು ಹೊಂದಿಕೊಳ್ತವೆ. ಅದೇ ಒಂದು ಮೀಟರ್ ಎರಡು ದಿನದಲ್ಲಿ ಬಿದ್ದರೆ ಹೊಂದಿಕೊಳ್ಳೋಕೆ ಸಮಯ ಎಲ್ಲಿ? ಇದರ ಜೊತೆಗೆ ಗಾಳಿ. ಗಾಳಿ ಬೆಟ್ಟದ ಒಂದು ಕಡೆಯಿಂದ ಹಿಮವನ್ನು ಗುಡಿಸಿ, ಏಣು ದಾಟಿಸಿ, ಇನ್ನೊಂದು ಕಡೆ ಸುರಿಯುತ್ತೆ. ಆಕಾಶದಿಂದ ಬೀಳೋದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ. ಆಕಾಶ ತಿಳಿಯಾಗಿದೆ, ಒಂದು ಹರಳೂ ಬೀಳ್ತಿಲ್ಲ, ಆದರೂ ಏಣಿನ ಆ ಕಡೆ ಗಂಟೆ ಗಂಟೆಗೂ ಭಾರ ಏರ್ತಾನೇ ಇರುತ್ತೆ.

ಹಿಮಬಿರುಗಾಳಿ ಬೀಸೋವಾಗ ಯಾರೂ ಸ್ಕೀ ಮಾಡಲ್ಲ. ಏನೂ ಕಾಣಿಸಲ್ಲ, ಗೊಂಡೋಲಾ ಕೂಡ ನಿಂತಿರುತ್ತೆ. ಮೂರು ದಿನ ಹೋಟೆಲ್ ರೂಮಲ್ಲಿ ಕೂತು ಕಿಟಕಿ ನೋಡಿ ನೋಡಿ ಸಾಕಾಗಿರುತ್ತೆ. ನಾಲ್ಕನೇ ದಿನ ಬೆಳಗ್ಗೆ ಬಾಗಿಲು ತೆಗೆದರೆ ನೀಲಿ ಆಕಾಶ, ಹೊಳೆಯೋ ಬಿಸಿಲು, ಮೊಣಕಾಲುದ್ದ ಹೊಸ ಹಿಮ, ಒಂದು ಗೆರೆಯೂ ಬೀಳದ ಇಳಿಜಾರು. ಸ್ಕೀಯರ್‌ಗೆ ಇದಕ್ಕಿಂತ ಸ್ವರ್ಗ ಇಲ್ಲ. ಇಡೀ ಸೀಸನ್‌ನಲ್ಲಿ ಅತ್ಯಂತ ಅಪಾಯದ ದಿನಗಳಲ್ಲಿ ಅದೂ ಒಂದು. ಜೀವ ತೆಗೆಯೋ ದಿನ ಹೀಗೆ ನಗುನಗುತ್ತಾ ಬರುತ್ತೆ.

ಇಳಿಜಾರಿನ ಕೋನಕ್ಕೆ ಬರೋಣ. ನಿಮ್ಮ ಮನೆಯ ಮೆಟ್ಟಿಲು ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಇರುತ್ತೆ. ಹಲಗೆ ಕುಸಿತ ಶುರುವಾಗೋದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದರಲ್ಲೂ 38ರ ಆಸುಪಾಸಿನಲ್ಲಿ. 30ಕ್ಕಿಂತ ಕಡಿಮೆ ಇದ್ದರೆ ಹಿಮ ಜಾರೋದು ಅಪರೂಪ. 55ಕ್ಕಿಂತ ಹೆಚ್ಚಿದ್ದರೆ ಹಿಮ ನಿಲ್ಲೋದೇ ಇಲ್ಲ, ಬಿದ್ದಹಾಗೇ ಸ್ವಲ್ಪ ಸ್ವಲ್ಪ ಉದುರಿಹೋಗುತ್ತೆ. ಅಂದ್ರೆ ಮನೆ ಮೆಟ್ಟಿಲಿಗಿಂತ ಒಂದು ಚೂರು ಕಡಿದಾದ ಜಾಗವೇ ಕೊಲ್ಲೋ ಜಾಗ. ದುರಂತ ಏನಂದ್ರೆ ಸ್ಕೀ ಮಾಡೋಕೆ ಮಜಾ ಬರೋದೂ ಅದೇ ಕೋನದಲ್ಲಿ!

ಇದು ಕೆಟ್ಟ ಸುದ್ದಿ ಅಲ್ಲ, ಒಳ್ಳೆಯ ಸುದ್ದಿ. ಪದರದ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣಲ್ಲ. ಕೋನವನ್ನು ಅಳೆಯಬಹುದು. ಕೈಯಲ್ಲಿರೋ ಮೊಬೈಲ್‌ನಲ್ಲೇ ಅಳೆಯಬಹುದು. ಹಿಮ ಎಷ್ಟೇ ಕೆಟ್ಟಿರಲಿ, 30 ಡಿಗ್ರಿ ಒಳಗಿನ ಇಳಿಜಾರಿನಲ್ಲಿ, ಮೇಲುಗಡೆ ಕಡಿದಾದ ಇಳಿಜಾರು ನೇತಾಡದ ಜಾಗದಲ್ಲಿ ಇದ್ದರೆ ನೀವು ಬಹುತೇಕ ಸೇಫ್. ಹಿಮಕುಸಿತದಿಂದ ಪಾರಾಗೋ ಅತ್ಯಂತ ಸುಲಭದ, ಅತ್ಯಂತ ಅಗ್ಗದ ಉಪಾಯ ಇದು.

ಗುಲ್ಮಾರ್ಗ್‌ನಲ್ಲಿ ಅಷ್ಟು ಸುಲಭದ ಉಪಾಯ ಯಾಕೆ ಕೈಕೊಡುತ್ತೆ? ಅಲ್ಲಿನ ಗೊಂಡೋಲಾ ನೋಡಿ. ಮೊದಲ ಹಂತ 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಿಂದ ಕೊಂಗ್ಡೂರಿಗೆ. ಎರಡನೇ ಹಂತ ಅಲ್ಲಿಂದ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಹೆಚ್ಚು. ಬೇರೆ ಬೆಟ್ಟಗಳಲ್ಲಿ ಇಷ್ಟು ಎತ್ತರ ಏರೋಕೆ ಗಂಟೆಗಟ್ಟಲೆ ನಡೀಬೇಕು. ನಡೆಯೋವಾಗ ಕಾಲ ಕೆಳಗಿನ ಹಿಮ ಏನು ಹೇಳ್ತಿದೆ ಅಂತ ಕೇಳಿಸಿಕೊಳ್ಳೋಕೆ ಸಮಯ ಇರುತ್ತೆ. ಇಲ್ಲಿ ಟಿಕೆಟ್ ತಗೊಂಡರೆ ಸಾಕು. ಮೇಲೆ ಇಳಿದ ಮೇಲೆ ಗೊಂಡೋಲಾ ಕೆಳಗಿನ ಬೋಗುಣಿಯಂಥ ಇಳಿಜಾರಿನಲ್ಲಿ ಗಸ್ತು ಇರುತ್ತೆ, ಅಪಾಯ ಇದ್ದರೆ ಮುಚ್ಚುತ್ತಾರೆ. ಆ ಗಡಿ ದಾಟಿ ಎಡಕ್ಕೋ ಬಲಕ್ಕೋ ಹೋದರೆ ಅದು ಬ್ಯಾಕ್‌ಕಂಟ್ರಿ. ಅಂದ್ರೆ ಯಾರೂ ಕಾಯದ, ಯಾರೂ ಹಿಮವನ್ನು ಪರೀಕ್ಷಿಸದ ಬೆಟ್ಟ. ಮಧ್ಯೆ ಗೋಡೆ ಇಲ್ಲ, ಗೇಟ್ ಇಲ್ಲ. ನೂರು ಹೆಜ್ಜೆ, ಅಷ್ಟೇ. ಪ್ರಪಂಚದ ಸ್ಕೀಯರ್‌ಗಳು ಗುಲ್ಮಾರ್ಗ್‌ಗೆ ಓಡಿ ಬರೋದು ಆ ನೂರು ಹೆಜ್ಜೆಯ ಆಚೆಗಿನ ಹಿಮಕ್ಕಾಗಿ.

ಹಾಗಾದ್ರೆ ಅಪಾಯದ ಮುನ್ಸೂಚನೆ ಯಾರೂ ಕೊಡಲ್ವಾ? ಕೊಡ್ತಾರೆ. ಚಂಡೀಗಢದಲ್ಲಿ ಡಿಆರ್‌ಡಿಒದ ಡಿಜಿಆರ್‌ಇ ಅನ್ನೋ ಸಂಸ್ಥೆ ಇದೆ. ಮೊದಲು ಮನಾಲಿಯಲ್ಲಿ ಶುರುವಾದ ಸಾಸೆ ಅನ್ನೋ ಹಿಮ ಸಂಶೋಧನಾ ಸಂಸ್ಥೆಯನ್ನು 2020ರಲ್ಲಿ ಇನ್ನೊಂದರ ಜೊತೆ ಸೇರಿಸಿ ಮಾಡಿದ್ದು. ಕುಪ್ವಾರ, ಬಾರಾಮುಲ್ಲಾ, ಬಂಡಿಪೋರಾ, ಗಾಂದರ್‌ಬಲ್ ಅಂತ ಜಿಲ್ಲಾವಾರು ಎಚ್ಚರಿಕೆ ಬರುತ್ತೆ. ಗುಲ್ಮಾರ್ಗ್ ಇರೋದು ಬಾರಾಮುಲ್ಲಾ ಜಿಲ್ಲೆಯಲ್ಲಿ. ಗಡಿಯ ಸೇನಾ ಠಾಣೆಗೆ, ರಸ್ತೆಗೆ, ಹಳ್ಳಿಗೆ ಈ ಎಚ್ಚರಿಕೆ ಬಹಳ ಮುಖ್ಯ. ಆದರೆ ನಿಮ್ಮ ಕಾಲ ಕೆಳಗಿನ ಈ ಒಂದು ಇಳಿಜಾರು ಹೇಗಿದೆ ಅಂತ ಯಾವ ಜಿಲ್ಲಾ ಎಚ್ಚರಿಕೆಯೂ ಹೇಳೋಕಾಗಲ್ಲ. ಅದನ್ನು ನೋಡಬೇಕಾದವರು ನೀವೇ.

ಯುರೋಪ್‌ನಲ್ಲಿ, ಅಮೆರಿಕದಲ್ಲಿ ಅಪಾಯವನ್ನು 1ರಿಂದ 5ರವರೆಗೆ ಅಂಕಿ ಕೊಟ್ಟು ಹೇಳ್ತಾರೆ. ಒಂದು ಅಂದ್ರೆ ಕಡಿಮೆ, ಐದು ಅಂದ್ರೆ ಮಹಾ ಅಪಾಯ. ಹೆಚ್ಚು ಸ್ಕೀಯರ್‌ಗಳು ಸಾಯೋದು ಯಾವ ಅಂಕಿಯ ದಿನ, ಊಹಿಸಿ? ಐದು ಅಂದ್ರಾ? ಅಲ್ಲ. ಮೂರು. ನಾಲ್ಕು, ಐದು ಇದ್ದ ದಿನ ಜನ ಹೆದರಿ ಹೊರಗೆ ಬರಲ್ಲ. ಮೂರು ಅಂದ್ರೆ ನಮಗೆ ಶಾಲೆಯ ಲೆಕ್ಕ ನೆನಪಾಗುತ್ತೆ. ಐದಕ್ಕೆ ಮೂರು, ಮಧ್ಯದಲ್ಲಿದೆ, ಪರವಾಗಿಲ್ಲ. ಆದರೆ ಈ ಅಳತೆಪಟ್ಟಿಯಲ್ಲಿ ಮೂರರ ಅರ್ಥ ಏನು ಅಂದ್ರೆ, ಹಿಮ ತಾನಾಗಿ ಬೀಳೋದು ಸಾಧ್ಯ, ಮನುಷ್ಯ ಕಾಲಿಟ್ಟರೆ ಬೀಳೋ ಸಂಭವವೇ ಹೆಚ್ಚು. ಇದು ಪಾಸ್ ಮಾರ್ಕ್ಸ್ ಅಲ್ಲ ಸ್ವಾಮಿ.

ಈಗ ಕುಸಿತದ ಒಳಗೆ ಸಿಕ್ಕವನ ಕಥೆ. ಜಾರೋವಾಗ ನೀರಿನ ಹಾಗೆ ಇದ್ದ ಹಿಮ ನಿಂತ ಕ್ಷಣ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ. ಬೆರಳು ಅಲ್ಲಾಡಿಸೋಕೂ ಆಗಲ್ಲ. ಉಗುಳಿ ನೋಡಿ, ಎಂಜಲು ಯಾವ ಕಡೆ ಇಳಿಯುತ್ತೆ ಅದು ಕೆಳಗೆ, ಅದರ ವಿರುದ್ಧ ಅಗೆಯಿರಿ ಅಂತ ಒಂದು ಸಲಹೆ ಓಡಾಡುತ್ತೆ. ಕೈಯೇ ಅಲ್ಲಾಡದ ಮೇಲೆ ದಿಕ್ಕು ಗೊತ್ತಾಗಿ ಏನು ಪ್ರಯೋಜನ? ಸಾಯೋರಲ್ಲಿ ಸುಮಾರು ಕಾಲು ಭಾಗ ಬಂಡೆ, ಮರಕ್ಕೆ ಬಡಿದು ಸಾಯ್ತಾರೆ. ಉಳಿದವರಲ್ಲಿ ಹೆಚ್ಚಿನವರು ಸಾಯೋದು ಉಸಿರುಗಟ್ಟಿ. ಹಿಮದಲ್ಲಿ ಗಾಳಿ ಇರುತ್ತೆ, ಆದರೆ ಅವರು ಬಿಟ್ಟ ಉಸಿರೇ ಮುಖದ ಮುಂದೆ ಮಂಜುಗಡ್ಡೆಯ ಮುಖವಾಡ ಕಟ್ಟುತ್ತೆ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ತಾರೆ.

ಎಷ್ಟು ಹೊತ್ತು ಬದುಕ್ತಾರೆ? ಸ್ವಿಟ್ಜರ್ಲೆಂಡ್‌ನ ದಶಕಗಳ ದಾಖಲೆ ಹೇಳೋದು ಇಷ್ಟು. ಮೊದಲ 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕ್ತಾರೆ. ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಒಬ್ಬ.

ಇಲ್ಲಿ ಕನ್ನಡಿಗರಾದ ನಮಗೆ ಒಂದು ನೆನಪು ಅಡ್ಡ ಬರುತ್ತೆ. ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರು ದಿನ ಆದ ಮೇಲೆ 25 ಅಡಿಗೂ ಹೆಚ್ಚು ಆಳದಿಂದ ಹನುಮಂತಪ್ಪನವರನ್ನು ಜೀವಂತ ಹೊರತೆಗೆದಾಗ ಇಡೀ ದೇಶ ಕೈಮುಗಿಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉಳಿದ ಒಂಬತ್ತೂ ಜನ ಬದುಕಿರಲಿಲ್ಲ.

ಆ ಆರು ದಿನ ನಮ್ಮ ಮನಸ್ಸಲ್ಲಿ ಎಷ್ಟು ಆಳವಾಗಿ ಕೂತಿದೆ ಅಂದ್ರೆ, ಹಿಮದಡಿ ಸಿಕ್ಕವರನ್ನು ಕಾಪಾಡೋಕೆ ದಿನಗಟ್ಟಲೆ ಸಮಯ ಇರುತ್ತೆ ಅಂತ ನಾವು ನಂಬಿಬಿಟ್ಟಿದ್ದೀವಿ. ಹನುಮಂತಪ್ಪನವರು ಇದ್ದದ್ದು ಡೇರೆಯೊಳಗೆ. ಸುತ್ತ ಒಂದಿಷ್ಟು ಗಾಳಿಯ ಜಾಗ ಉಳಿದಿತ್ತು. ಬಯಲಲ್ಲಿ ಸ್ಕೀ ಮಾಡ್ತಾ ಸಿಕ್ಕವನಿಗೆ ಆ ಜಾಗ ಎಲ್ಲಿದೆ? ಸಿಯಾಚಿನ್‌ನ ಪವಾಡವನ್ನು ನಾವು ಗೌರವದಿಂದ ನೆನೆಯೋಣ. ಅದನ್ನು ಲೆಕ್ಕಾಚಾರ ಮಾಡ್ಕೋಬೇಡಿ. ಬೆಟ್ಟದ ಲೆಕ್ಕ ನಿಮಿಷಗಳದ್ದು.

ಲೆಕ್ಕ ನಿಮಿಷದ್ದು ಅಂದ ಮೇಲೆ ನಿಮ್ಮನ್ನು ಕಾಪಾಡೋರು ಯಾರು? ಸೇನೆ ಅಲ್ಲ, ಹೆಲಿಕಾಪ್ಟರ್ ಅಲ್ಲ, ಪೊಲೀಸ್ ಅಲ್ಲ. ಅವರು ಎಷ್ಟೇ ಬೇಗ ಹೊರಟರೂ ಹತ್ತು ನಿಮಿಷದಲ್ಲಿ ಬರೋಕಾಗಲ್ಲ. ಕಾಪಾಡೋದು ಪಕ್ಕದಲ್ಲಿರೋ ಗೆಳೆಯ. ಅವನ ಕೈಯಲ್ಲಿ ಮೂರು ವಸ್ತು ಇದ್ದರೆ ಮಾತ್ರ. ಒಂದು, ಟ್ರಾನ್ಸೀವರ್. ಎದೆಗೆ ಕಟ್ಟಿಕೊಳ್ಳೋ ಪುಟ್ಟ ರೇಡಿಯೋ, 457 ಕಿಲೋಹರ್ಟ್ಜ್‌ನಲ್ಲಿ ಸದಾ ಸಿಗ್ನಲ್ ಬಿಡ್ತಾ ಇರುತ್ತೆ. ಪ್ರಪಂಚದ ಯಾವ ಕಂಪನಿದಾದ್ರೂ ಫ್ರೀಕ್ವೆನ್ಸಿ ಇದೇ. ಒಬ್ಬ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕೋ ಮೋಡ್‌ಗೆ ಹಾಕಿ ಅವನ ಸಿಗ್ನಲ್ ಹಿಂದೆ ಹೋಗ್ತಾರೆ. ಎರಡು, ಪ್ರೋಬ್. ಮಡಚಿ ಬಿಡಿಸೋ ಎರಡೂವರೆ, ಮೂರು ಮೀಟರ್ ಉದ್ದದ ಕೋಲು. ಹಿಮಕ್ಕೆ ಚುಚ್ಚಿ ಮೈ ತಗಲುತ್ತಾ ನೋಡೋಕೆ. ಮೂರು, ಲೋಹದ ಸಲಿಕೆ. ಒಂದು ಮೀಟರ್ ಆಳದಲ್ಲಿ ಹೂತವನನ್ನು ತೆಗೆಯೋಕೆ ಒಂದು ಟನ್‌ಗೂ ಹೆಚ್ಚು ಹಿಮ ಎತ್ತಿಹಾಕಬೇಕು. ಕೈಯಲ್ಲಿ ಆಗುತ್ತಾ?

ಬೆನ್ನಿಗೆ ಹಾಕೋ ಏರ್‌ಬ್ಯಾಗ್ ಕೂಡ ಬಂದಿದೆ. ದಾರ ಎಳೆದರೆ ದೊಡ್ಡ ಬಲೂನ್ ಉಬ್ಬುತ್ತೆ. ಕಡಲೆಪುರಿ ಡಬ್ಬ ಅಲ್ಲಾಡಿಸಿದರೆ ದಪ್ಪ ಕಾಳು ಮೇಲೆ ಬರುತ್ತಲ್ಲ, ಅದೇ ತತ್ವ. ಹರಿಯೋ ಹಿಮದಲ್ಲಿ ಗಾತ್ರ ದೊಡ್ಡದಿದ್ದರೆ ಮೇಲೆ ಉಳೀತೀರಿ. ಒಳ್ಳೆಯದೇ. ಆದರೆ ಬಂಡೆಗೆ ಬಡಿಯೋದನ್ನು ಅದು ತಪ್ಪಿಸಲ್ಲ. ಇವೆಲ್ಲ ಸೀಟ್‌ಬೆಲ್ಟ್ ಇದ್ದ ಹಾಗೆ. ಸೀಟ್‌ಬೆಲ್ಟ್ ಹಾಕಿದ್ದೀನಿ ಅಂತ ಯಾರೂ ಕಾರನ್ನು ಕಣಿವೆಗೆ ಇಳಿಸಲ್ಲ.

ಇಷ್ಟೆಲ್ಲ ಗೊತ್ತಿದ್ದವರು ಸಾಯಲ್ವಾ? ಸಾಯ್ತಾರೆ. ಗೊತ್ತಿದ್ದವರೇ ಹೆಚ್ಚು ಸಾಯ್ತಾರೆ ಅನ್ನೋ ಹಾಗಿದೆ. 2010ರ ಫೆಬ್ರವರಿ 8ರಂದು ಇದೇ ಖಿಲನ್‌ಮಾರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನ ತರಬೇತಿ ತಂಡದ ಮೇಲೆ ಹಿಮ ಕುಸಿದು 17 ಯೋಧರು ಹುತಾತ್ಮರಾದರು. ಹಿಮದಲ್ಲಿ ಬದುಕೋದನ್ನು ದೇಶಕ್ಕೇ ಕಲಿಸೋ ಶಾಲೆ ಅದು. ಇನ್ನು ಮೋಜಿನ ಸ್ಕೀಯಿಂಗ್‌ಗೆ ಬಂದರೆ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2012ರ ಫೆಬ್ರವರಿ 19ರಂದು ಟನಲ್ ಕ್ರೀಕ್ ಅನ್ನೋ ಕಡೆ ಹದಿನೈದಕ್ಕೂ ಹೆಚ್ಚು ಜನರ ತಂಡ ಇಳಿಯೋಕೆ ಹೋಯ್ತು. ಹೆಚ್ಚಿನವರು ನುರಿತವರು, ಆ ಬೆಟ್ಟ ಅಂಗೈ ಗೆರೆಯಷ್ಟು ಪರಿಚಯ ಇದ್ದವರು. ಮೂವರು ಸತ್ತರು. ಅಷ್ಟು ಜನರಲ್ಲಿ ಕೆಲವರಿಗೆ ಒಳಗೊಳಗೇ ಅಳುಕು ಇತ್ತು, ಯಾರೂ ಗಟ್ಟಿಯಾಗಿ ಹೇಳಲಿಲ್ಲ ಅನ್ನೋದು ಆಮೇಲೆ ಬದುಕಿದವರ ಮಾತಿನಿಂದಲೇ ಗೊತ್ತಾಯ್ತು.

ಇದನ್ನು ಇಯಾನ್ ಮೆಕ್‌ಕ್ಯಾಮನ್ ಅನ್ನೋ ಅಮೆರಿಕದ ಸಂಶೋಧಕ ನೂರಾರು ಅಪಘಾತಗಳ ದಾಖಲೆ ಇಟ್ಟುಕೊಂಡು ನೋಡಿದ. ಕೆಲವು ಬಲೆಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಈ ಜಾಗ ನನಗೆ ಗೊತ್ತು ಅನ್ನೋ ಸಲಿಗೆ. ಇಷ್ಟು ದೂರ ಬಂದಾಯ್ತು, ಈಗ ವಾಪಸ್ ಹೋಗೋದಾ ಅನ್ನೋ ಹಟ. ಗುಂಪಲ್ಲಿ ಒಬ್ಬ ಬಲ್ಲವನಿದ್ದಾನೆ, ಅವನು ನೋಡ್ಕೋತಾನೆ ಅನ್ನೋ ನಂಬಿಕೆ. ಬೇರೆಯವರು ಇಳಿಯೋ ಮೊದಲು ನಾನು ಇಳೀಬೇಕು ಅನ್ನೋ ಆತುರ. ನಾಲ್ಕು ಜನ ನೋಡ್ತಿದ್ದಾರೆ ಅನ್ನೋ ಹುಮ್ಮಸ್ಸು. ಹೇಳಿ, ಇದಕ್ಕೆ ಹಿಮ ಬೇಕಾ? ಮಳೆಗಾಲದಲ್ಲಿ ತುಂಬಿ ಹರಿಯೋ ಸೇತುವೆ ಮೇಲೆ ಬೈಕ್ ಇಳಿಸೋ ಹುಡುಗನ ತಲೆಯಲ್ಲೂ ಓಡೋದು ಇವೇ.

ಇನ್ನೊಂದು ಬಲೆ, ಆಗಲೇ ನಾಲ್ಕು ಜನ ಇಳಿದಿದ್ದಾರೆ, ಏನೂ ಆಗಿಲ್ಲ ಅನ್ನೋದು. ಇದು ಅತ್ಯಂತ ಮೋಸದ್ದು. ಹಲಗೆ ಎಲ್ಲ ಕಡೆ ಒಂದೇ ದಪ್ಪ ಇರಲ್ಲ. ದಪ್ಪ ಇದ್ದಲ್ಲಿ ಸ್ಕೀಯರ್‌ನ ಭಾರ ದುರ್ಬಲ ಪದರಕ್ಕೆ ತಲುಪೋದೇ ಇಲ್ಲ. ಬಂಡೆಯ ಪಕ್ಕ, ಅಂಚಿನಲ್ಲಿ ತೆಳ್ಳಗಿರುತ್ತೆ. ನಾಲ್ವರು ದಪ್ಪ ಜಾಗದಲ್ಲಿ ಇಳಿದು ಬದುಕಿದರು. ಐದನೆಯವನು ಎರಡು ಮೀಟರ್ ಪಕ್ಕಕ್ಕೆ ಹೋದ, ತೆಳು ಜಾಗ ಮೆಟ್ಟಿದ. ಇಡೀ ಇಳಿಜಾರು ಬಂತು. ಹಿಂದಿನವರ ಗೆರೆ ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ.

ಬೆಟ್ಟ ಹೇಳದೆ ಕೊಲ್ಲಲ್ಲ. ಬಹಳ ಸಲ ಹೇಳೇ ಹೇಳುತ್ತೆ. ಪಕ್ಕದ, ಅದೇ ದಿಕ್ಕಿನ ಇಳಿಜಾರಿನಲ್ಲಿ ಹೊಸದಾಗಿ ಹಿಮ ಜಾರಿದ ಗುರುತು ಕಂಡರೆ, ಅದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ. ನಡೆಯೋವಾಗ ಕಾಲ ಕೆಳಗೆ ಧಪ್ ಅಂತ ಟೊಳ್ಳು ಸದ್ದು ಬಂದು ಹಿಮ ಒಂದು ಚೂರು ಕುಸಿದ ಹಾಗಾದರೆ, ದುರ್ಬಲ ಪದರ ಆಗಲೇ ಒಡೀತಿದೆ ಅಂತ ಅರ್ಥ. ಸ್ಕೀಯ ಮುಂದೆ ಗಾಜು ಸೀಳಿದ ಹಾಗೆ ಬಿರುಕು ಓಡಿದರೆ ನಿಲ್ಲಿ. 24 ಗಂಟೆಯಲ್ಲಿ ಒಂದು ಅಡಿಗಿಂತ ಹೆಚ್ಚು ಹಿಮ ಬಿದ್ದಿದ್ದರೆ, ಜೋರು ಗಾಳಿ ಬೀಸಿದ್ದರೆ, ಚಳಿ ಇದ್ದದ್ದು ಇದ್ದಕ್ಕಿದ್ದಂತೆ ಬಿಸಿಯಾದರೆ ಕಡಿದಾದ ಇಳಿಜಾರಿಗೆ ಕಾಲಿಡಬೇಡಿ. ಇಳಿಯಲೇಬೇಕಾದ ಕಡೆಯೂ ಒಬ್ಬೊಬ್ಬರಾಗಿ ಇಳೀಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡ್ತಿರಬೇಕು. ಎಲ್ಲರೂ ಒಟ್ಟಿಗೆ ಹೂತುಹೋದರೆ ಅಗೆಯೋರು ಯಾರು?

ನಾವೇನು ಸ್ಕೀ ಮಾಡ್ತೀವಾ, ನಮಗ್ಯಾಕೆ ಇದೆಲ್ಲ ಅಂತ ಕೇಳಬಹುದು. ಬೆಂಗಳೂರಿಂದ ಪ್ರತಿ ಚಳಿಗಾಲ ಎಷ್ಟು ಹುಡುಗ ಹುಡುಗಿಯರು ಕೇದಾರಕಾಂತ ಅಂತ, ಗುಲ್ಮಾರ್ಗ್ ಅಂತ ಹೊರಡ್ತಾರೆ ನೋಡಿ. ಸ್ಕೀ ಕೋರ್ಸ್ ಮುಗಿಸಿ ಮುಂದಿನ ವರ್ಷ ಗಡಿಯಾಚೆ ಇಳೀತೀನಿ ಅನ್ನೋರೂ ಇದ್ದಾರೆ. ಹಿಮಕ್ಕೆ ಕಾಲಲ್ಲಿ ಸ್ಕೀ ಇದೆಯಾ ಬೂಟ್ ಇದೆಯಾ ಅನ್ನೋದು ಲೆಕ್ಕಕ್ಕಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾದಲ್ಲಿ ಪರ್ವತಾರೋಹಣ ತರಬೇತಿಗೆ ಹೋಗಿದ್ದ ತಂಡದ ಇಪ್ಪತ್ತಕ್ಕೂ ಹೆಚ್ಚು ಜನ ಹಿಮಕುಸಿತದಲ್ಲಿ ಸತ್ತರು. ಅವರು ಸ್ಕೀಯರ್‌ಗಳಲ್ಲ.

ಆದ್ದರಿಂದ ಹೋಗಬೇಡಿ ಅಂತ ನಾನು ಹೇಳಲ್ಲ. ಹೋಗಿ. ಆದರೆ ದುಡ್ಡು ಕಟ್ಟೋ ಮೊದಲು ಕರೆದುಕೊಂಡು ಹೋಗೋರಿಗೆ ನಾಲ್ಕು ಪ್ರಶ್ನೆ ಕೇಳಿ. ನಾವು ಹೋಗೋ ಇಳಿಜಾರು ಎಷ್ಟು ಡಿಗ್ರಿ? ಈ ವಾರ ಎಷ್ಟು ಹಿಮ ಬಿದ್ದಿದೆ, ಅದರ ಕೆಳಗೆ ಏನಿದೆ? ಟ್ರಾನ್ಸೀವರ್, ಪ್ರೋಬ್, ಸಲಿಕೆ ಪ್ರತಿಯೊಬ್ಬರಿಗೂ ಇದೆಯಾ, ಬಳಸೋದು ಹೇಳಿಕೊಡ್ತೀರಾ? ಹಿಮ ಸರಿ ಇಲ್ಲ ಅಂತ ಕಂಡರೆ ಅರ್ಧದಲ್ಲೇ ವಾಪಸ್ ಕರೆತರ್ತೀರಾ? ನಾಲ್ಕನೇ ಪ್ರಶ್ನೆಗೆ ಉತ್ತರ ಕೇಳುವಾಗ ಅವರ ಮುಖ ನೋಡಿ. ಕಳೆದ ವರ್ಷ ಎಷ್ಟು ಸಲ ತಿರುಗಿ ಬಂದೆವು ಅಂತ ನಾಚಿಕೆಯಿಲ್ಲದೆ ಹೇಳೋ ಗೈಡ್ ಸಿಕ್ಕರೆ ಅವನ ಜೊತೆ ಹೋಗಿ. ನಮ್ಮ ತಂಡ ಒಂದು ಸಲವೂ ವಾಪಸ್ ಬಂದಿಲ್ಲ ಅಂತ ಎದೆ ತಟ್ಟಿಕೊಳ್ಳೋನು ಸಿಕ್ಕರೆ, ಅಲ್ಲಿಂದಲೇ ಕೈಮುಗಿದು ಬನ್ನಿ. ಬೆಟ್ಟ ಎಲ್ಲಿಗೂ ಹೋಗಲ್ಲ. ಮುಂದಿನ ವಾರವೂ ಅಲ್ಲೇ ಇರುತ್ತೆ.